ಲಾಭಕ್ಕೆ ಊರು ಯಾವುದು? ಆ್ಯಪಲ್‌ನ ಐರ್ಲೆಂಡ್ ಲೆಕ್ಕದಿಂದ ದೇರಾದ ಅಂಗಡಿಯ ತನಕ

2011ರಲ್ಲಿ ದುಬೈಯ ದೇರಾದಲ್ಲೋ ಮಂಗಳೂರಿನ ಹಂಪನಕಟ್ಟೆಯಲ್ಲೋ ಒಬ್ಬಾತ ಐಫೋನ್ ಕೊಂಡ ಅಂತಿಟ್ಟುಕೊಳ್ಳಿ. ಫೋನ್ ಜೋಡಣೆಯಾದದ್ದು ಚೀನಾದಲ್ಲಿ. ವಿನ್ಯಾಸ ಕ್ಯಾಲಿಫೋರ್ನಿಯಾದ್ದು. ದುಡ್ಡು ಕೊಟ್ಟವನು ಕರಾವಳಿಯವನು. ಆದರೆ ಆ ಫೋನಿನ ಮೇಲೆ ಆ್ಯಪಲ್‌ಗೆ ಬಂದ ಲಾಭದ ದೊಡ್ಡ ಪಾಲು ಈ ಮೂರೂ ಜಾಗಗಳಿಗೆ ಹೋಗಲಿಲ್ಲ. ಅದು ಸೇರಿದ್ದು ಐರ್ಲೆಂಡಿನಲ್ಲಿ ನೋಂದಣಿಯಾದ ‘ಆ್ಯಪಲ್ ಸೇಲ್ಸ್ ಇಂಟರ್‌ನ್ಯಾಷನಲ್’ ಎಂಬ ಕಂಪೆನಿಯ ಪುಸ್ತಕಕ್ಕೆ. ತಯಾರಕರಿಂದ ಫೋನ್ ಕೊಂಡು ಯುರೋಪಿಗೆ, ಜೊತೆಗೆ ಮಧ್ಯಪ್ರಾಚ್ಯ, ಆಫ್ರಿಕಾ ಮತ್ತು ಭಾರತಕ್ಕೆ ಮಾರುವ ಹೊಣೆ ಆ ಕಂಪೆನಿಯದಾಗಿತ್ತು.

ಅಲ್ಲಿಗೂ ಕತೆ ಮುಗಿಯಲಿಲ್ಲ. ಯುರೋಪಿಯನ್ ಆಯೋಗ ಕೊಟ್ಟ ಲೆಕ್ಕದ ಪ್ರಕಾರ 2011ರಲ್ಲಿ ಈ ಕಂಪೆನಿಯ ಲಾಭ ಸುಮಾರು 1,600 ಕೋಟಿ ಯುರೋ. ಐರ್ಲೆಂಡಿನಲ್ಲಿ ತೆರಿಗೆಗೆ ಒಳಪಟ್ಟದ್ದು ಅದರಲ್ಲಿ ಸುಮಾರು 5 ಕೋಟಿ ಯುರೋ ಮಾತ್ರ. ಉಳಿದದ್ದೆಲ್ಲ ಕಂಪೆನಿಯ ‘ಪ್ರಧಾನ ಕಚೇರಿ’ಗೆ ಸೇರಿದ್ದು ಎಂದು ಬರೆದುಕೊಳ್ಳಲಾಯಿತು. ಆ ಪ್ರಧಾನ ಕಚೇರಿ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಕಟ್ಟಡ ಇಲ್ಲ, ನೌಕರರು ಇಲ್ಲ, ಯಾವ ದೇಶಕ್ಕೂ ಸೇರಿದ್ದಲ್ಲ. ಆಗೊಮ್ಮೆ ಈಗೊಮ್ಮೆ ನಡೆಯುವ ನಿರ್ದೇಶಕರ ಸಭೆ ಬಿಟ್ಟರೆ ಅದು ಕಾಗದದ ಮೇಲಿನ ಹೆಸರು ಅಷ್ಟೇ.

ಇದು ಹೇಗೆ ಸಾಧ್ಯವಾಯಿತು ಅಂತ ಕೇಳಿದರೆ ಉತ್ತರ ತೀರಾ ಸರಳ. ಮನುಷ್ಯನಿಗಿದ್ದಂತೆ ಕಂಪೆನಿಗೂ ತೆರಿಗೆ ಲೆಕ್ಕದಲ್ಲಿ ಒಂದು ಊರು ಬೇಕು. ಅಮೆರಿಕದ ಕಾನೂನು ‘ಎಲ್ಲಿ ನೋಂದಣಿಯಾಗಿದೆ’ ಎಂದು ಕೇಳುತ್ತದೆ. ಆಗಿನ ಐರಿಷ್ ಕಾನೂನಿನಲ್ಲಿ ಇಂಥ ಕಂಪೆನಿಗಳ ಮಟ್ಟಿಗೆ ನಡೆಯುತ್ತಿದ್ದ ಪ್ರಶ್ನೆ ‘ಎಲ್ಲಿಂದ ನಿಯಂತ್ರಣ’ ಎಂಬುದು. ಆ್ಯಪಲ್‌ನ ಈ ಕಂಪೆನಿ ಐರ್ಲೆಂಡಿನಲ್ಲಿ ನೋಂದಣಿಯಾಗಿದ್ದರಿಂದ ಅಮೆರಿಕದ ಕಣ್ಣಿಗೆ ಐರಿಷ್. ಅಮೆರಿಕದಿಂದ ನಿಯಂತ್ರಣವಾಗುತ್ತಿದ್ದರಿಂದ ಐರ್ಲೆಂಡಿನ ಕಣ್ಣಿಗೆ ಪರದೇಶಿ. ಇಬ್ಬರೂ ‘ಇವ ನಮ್ಮವನಲ್ಲ’ ಎಂದರು, ಕಂಪೆನಿಗೆ ಅದೇ ಬೇಕಿತ್ತು. 2013ರ ಮೇ ತಿಂಗಳಲ್ಲಿ ಕಾರ್ಲ್ ಲೆವಿನ್ ಅಧ್ಯಕ್ಷತೆಯ ಅಮೆರಿಕನ್ ಸೆನೆಟ್ ಉಪಸಮಿತಿ ಟಿಮ್ ಕುಕ್ ಅವರನ್ನು ಎದುರು ಕೂರಿಸಿ ಇದನ್ನೇ ಕೇಳಿತು. ಕೊಡಬೇಕಾದ ತೆರಿಗೆಯನ್ನು ಪೈಸೆ ಬಿಡದೆ ಕೊಟ್ಟಿದ್ದೇವೆ ಎಂಬುದು ಅವರ ಉತ್ತರವಾಗಿತ್ತು. ಕಾನೂನಿನ ಅಕ್ಷರ ಹಿಡಿದು ನೋಡಿದರೆ ಅದು ಸುಳ್ಳೂ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಐರ್ಲೆಂಡಿನ ತೆರಿಗೆ ಇಲಾಖೆ 1991ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಈ ಲೆಕ್ಕಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತ್ತು. ಐರ್ಲೆಂಡಿನ ಘೋಷಿತ ಕಂಪೆನಿ ತೆರಿಗೆ ಶೇ. 12.5. ಆ್ಯಪಲ್‌ನ ಈ ಕಂಪೆನಿಗೆ ಬಿದ್ದ ನಿಜವಾದ ದರ ಆಯೋಗದ ಲೆಕ್ಕದಲ್ಲಿ 2003ರಲ್ಲಿ ಶೇ. 1, 2011ರಲ್ಲಿ ಶೇ. 0.05, 2014ಕ್ಕೆ ಬರುವಾಗ ಶೇ. 0.005. ಅಂದರೆ 10 ಲಕ್ಷ ಯುರೋ ಲಾಭಕ್ಕೆ 50 ಯುರೋ ತೆರಿಗೆ.

ಈಗ ಇದನ್ನು ಗಲ್ಫಿನ ಒಂದು ಅಂಗಡಿಯ ಪಕ್ಕದಲ್ಲಿಟ್ಟು ನೋಡಬೇಕು. ದೇರಾದಲ್ಲಿ ಜವಳಿಯೋ ದಿನಸಿಯೋ ಸಗಟು ವ್ಯಾಪಾರ ಮಾಡುವ ಒಬ್ಬನಿಗೆ ವರ್ಷಕ್ಕೆ 10 ಲಕ್ಷ ದಿರ್ಹಂ ನಿವ್ವಳ ಲಾಭ ಬರುತ್ತದೆ, ವಹಿವಾಟು ಸಣ್ಣ ಉದ್ಯಮದ ರಿಯಾಯಿತಿಯ ಮಿತಿಗಿಂತ ಮೇಲಿದೆ ಎಂದುಕೊಂಡರೆ, ಯುಎಇಯ ಈಗಿನ ನಿಯಮದಂತೆ ಮೊದಲ 3,75,000 ದಿರ್ಹಂಗೆ ತೆರಿಗೆ ಇಲ್ಲ, ಉಳಿದ 6,25,000ಕ್ಕೆ ಶೇ. 9. ಕಟ್ಟಬೇಕಾದದ್ದು 56,250 ದಿರ್ಹಂ. ಆ್ಯಪಲ್‌ನ ಐರಿಷ್ ಕಂಪೆನಿಯ 2014ರ ದರ ಈತನಿಗೆ ಸಿಕ್ಕಿದ್ದರೆ ಕಟ್ಟಬೇಕಾಗಿದ್ದದ್ದು 50 ದಿರ್ಹಂ. ಎರಡು ಬಿರಿಯಾನಿಯ ದುಡ್ಡು.

ಕಾಲ ಬೇರೆ, ದೇಶ ಬೇರೆ, ಹೋಲಿಕೆ ಸರಿಯಲ್ಲ ಎಂದು ಲೆಕ್ಕಪರಿಶೋಧಕರು ಹೇಳಬಹುದು. ಹೇಳಲಿ. ಆದರೆ ದರಗಳ ಅಂತರಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ತನ್ನ ಲಾಭದ ಊರು ಯಾವುದು ಎಂದು ಆರಿಸಿಕೊಳ್ಳುವ ಅವಕಾಶ ಆ ಅಂಗಡಿಯವನಿಗೆ ಇಲ್ಲ.

ಗೋಡಂಬಿಯ ಉದಾಹರಣೆ ತೆಗೆದುಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ವ್ಯಾಪಾರಿಗೆ ಮಂಗಳೂರಿನಲ್ಲಿ ಒಂದು ಸಂಸ್ಥೆ, ದುಬೈಯಲ್ಲಿ ಇನ್ನೊಂದು. ಮಂಗಳೂರಿನ ಸಂಸ್ಥೆ ದುಬೈಯ ತನ್ನದೇ ಸಂಸ್ಥೆಗೆ ಗೋಡಂಬಿಯನ್ನು ತೀರಾ ಕಮ್ಮಿ ಬೆಲೆಗೆ ಮಾರಿದರೆ ಲಾಭ ಮಂಗಳೂರಿನಲ್ಲಿ ಕರಗಿ ದುಬೈಯಲ್ಲಿ ಕಾಣಿಸಿಕೊಳ್ಳುತ್ತದೆ. ಆದಾಯ ತೆರಿಗೆ ಅಧಿಕಾರಿ ಸುಮ್ಮನಿರುವುದಿಲ್ಲ. ‘ಗುರುತಿಲ್ಲದ ಗಿರಾಕಿಗೂ ಇದೇ ಬೆಲೆಗೆ ಕೊಡುತ್ತಿದ್ದಿರಾ?’ ಎಂದು ಕೇಳುತ್ತಾನೆ. ವರ್ಗಾವಣೆ ಬೆಲೆಯ ನಿಯಮ ಎಂದು ಕರೆಯುವುದು ಇದನ್ನೇ. ಭಾರತದಲ್ಲೂ ಇದೆ, ಈಗ ಯುಎಇಯಲ್ಲೂ ಇದೆ. ಗೋಡಂಬಿಗೆ ಪೇಟೆ ಧಾರಣೆ ಎಂಬುದೊಂದು ಇರುವುದರಿಂದ ಸುಳ್ಳು ಬೆಲೆ ಹಾಕಿದವನು ಸಿಕ್ಕಿಬೀಳುತ್ತಾನೆ.

ಆದರೆ ‘ಐಫೋನಿನ ವಿನ್ಯಾಸ ಬಳಸುವ ಹಕ್ಕು’ ಎಂಬ ಸರಕಿಗೆ ಧಾರಣೆ ಎಲ್ಲಿ ಕೇಳುವುದು? ಅದನ್ನು ಮಾರುವವನೂ ಆ್ಯಪಲ್, ಕೊಳ್ಳುವವನೂ ಆ್ಯಪಲ್. ಮೂರನೆಯವನಿಗೆ ಅದು ಸಿಗುವುದೇ ಇಲ್ಲ. ಐರಿಷ್ ಕಂಪೆನಿಗೆ ಅಮೆರಿಕ ಖಂಡಗಳ ಹೊರಗೆ ಆ ಹಕ್ಕು ಬಳಸುವ ಒಪ್ಪಂದ ಇತ್ತು. ಪ್ರತಿಯಾಗಿ ಅದು ಅಮೆರಿಕದ ಮಾತೃಸಂಸ್ಥೆಗೆ ಸಂಶೋಧನೆಯ ಖರ್ಚಿನ ಪಾಲು ಕಟ್ಟುತ್ತಿತ್ತು. 2011ರಲ್ಲಿ ಈ ಪಾಲು ಸುಮಾರು 200 ಕೋಟಿ ಡಾಲರ್. ಮಾಲಿನ ವ್ಯಾಪಾರಕ್ಕಾಗಿ ಮಾಡಿದ ತೆರಿಗೆ ಕಾನೂನು ಹಕ್ಕಿನ ವ್ಯಾಪಾರದ ಎದುರು ಕೈಚೆಲ್ಲಿದ್ದು ಹೀಗೆ. ಗೂಗಲ್, ಮೈಕ್ರೋಸಾಫ್ಟ್ ಮತ್ತು ಔಷಧ ಕಂಪೆನಿಗಳು ಐರ್ಲೆಂಡಿನಲ್ಲಿ ಬೀಡುಬಿಟ್ಟದ್ದರ ಹಿಂದೆಯೂ ಇದೇ ಬಗೆಯ ಲೆಕ್ಕಾಚಾರ ಇದೆ.

2016ರ ಆಗಸ್ಟ್ 30ರಂದು ಆಯೋಗದ ಸ್ಪರ್ಧಾ ಆಯುಕ್ತೆ ಮಾರ್ಗ್ರೇಟ ವೆಸ್ಟಗರ್ ತೀರ್ಮಾನ ಪ್ರಕಟಿಸಿದರು. ಐರ್ಲೆಂಡ್ ಕೊಟ್ಟದ್ದು ಅಕ್ರಮ ಸರಕಾರಿ ನೆರವು, 2003ರಿಂದ 2014ರ ತನಕದ ಬಾಕಿ 1,300 ಕೋಟಿ ಯುರೋವನ್ನು ಬಡ್ಡಿ ಸಮೇತ ವಸೂಲು ಮಾಡಬೇಕು. ಇಲ್ಲಿ ನಡೆದ ತಮಾಷೆ ತೆರಿಗೆ ಇತಿಹಾಸದಲ್ಲೇ ಅಪರೂಪದ್ದು. ಹಣ ಸಿಗಬೇಕಾದ ಐರ್ಲೆಂಡ್ ಸರಕಾರವೇ ‘ನಮಗೆ ಈ ದುಡ್ಡು ಬೇಡ’ ಎಂದು ಆ್ಯಪಲ್ ಜೊತೆ ಸೇರಿ ಮೇಲ್ಮನವಿ ಹಾಕಿತು. ಹುಚ್ಚಲ್ಲ, ಅದರ ಹಿಂದೆ ಲೆಕ್ಕವಿತ್ತು. 1980ರಿಂದ ಕಾರ್ಕ್ ನಗರದಲ್ಲಿ ಆ್ಯಪಲ್ ಇದೆ, ಸಾವಿರಾರು ಉದ್ಯೋಗ ಇದೆ, ಅದನ್ನು ನೋಡಿ ಬಂದ ಇತರ ಕಂಪೆನಿಗಳಿವೆ. ಒಂದು ಸಲದ 1,300 ಕೋಟಿಗಿಂತ ‘ಇಲ್ಲಿ ಬಂದವರ ತಂಟೆಗೆ ಸರಕಾರ ಹೋಗುವುದಿಲ್ಲ’ ಎಂಬ ಹೆಸರು ಆ ಪುಟ್ಟ ದೇಶಕ್ಕೆ ದೊಡ್ಡದಾಗಿ ಕಂಡಿತು.

2020ರ ಜುಲೈಯಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಆ್ಯಪಲ್ ಗೆದ್ದಿತು. 2024ರ ಸೆಪ್ಟೆಂಬರ್ 10ರಂದು ಯುರೋಪಿಯನ್ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ ಆಯೋಗದ ಮಾತನ್ನೇ ಅಂತಿಮವಾಗಿ ಎತ್ತಿಹಿಡಿಯಿತು. ಅದುವರೆಗೆ ವಿಶೇಷ ಖಾತೆಯಲ್ಲಿ ಕಾದಿದ್ದ 1,400 ಕೋಟಿ ಯುರೋ ಆಸುಪಾಸಿನ ಮೊತ್ತ ಡಬ್ಲಿನ್‌ನ ಖಜಾನೆಗೆ ಹೋಗುವ ದಾರಿ ತೆರೆಯಿತು. ಈ ತೀರ್ಪಿನ ಲೆಕ್ಕಕ್ಕೆಂದು ಆ್ಯಪಲ್ ಆ ತ್ರೈಮಾಸಿಕದಲ್ಲಿ 1,020 ಕೋಟಿ ಡಾಲರ್ ಬರೆದುಹಾಕಿತು. ಆ ಆರ್ಥಿಕ ವರ್ಷ ಅದರ ನಿವ್ವಳ ಲಾಭ 9,300 ಕೋಟಿ ಡಾಲರ್ ದಾಟಿತ್ತು. ಪೆಟ್ಟು ಬಿತ್ತು, ಆದರೆ ಏಳಲಾಗದ ಪೆಟ್ಟೇನಲ್ಲ.

ಆ್ಯಪಲ್‌ನ ವಾದವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಬೆಲೆ ಬರುವುದು ಕ್ಯಾಲಿಫೋರ್ನಿಯಾದಲ್ಲಿ ಕೂತ ಎಂಜಿನಿಯರುಗಳ ಬುದ್ಧಿಯಿಂದ, ಹಾಗಾಗಿ ತೆರಿಗೆ ಸಲ್ಲಬೇಕಾದದ್ದು ಅಮೆರಿಕಕ್ಕೆ, ಅದು ಅಲ್ಲಿ ಮುಂದಕ್ಕೆ ಹೋಗಿದೆ ಅಷ್ಟೇ ಎಂಬುದು ಅವರ ನಿಲುವು. ‘ಮುಂದಕ್ಕೆ ಹೋಗಿದೆ’ ಎಂಬ ಮಾತಿನಲ್ಲಿ ಗುಟ್ಟಿದೆ. 2017ರ ತನಕ ಅಮೆರಿಕದಲ್ಲಿ ಕಂಪೆನಿ ತೆರಿಗೆ ಶೇ. 35. ಆದರೆ ವಿದೇಶಿ ಅಂಗಸಂಸ್ಥೆಯ ಇಂಥ ಲಾಭವನ್ನು ಊರಿಗೆ ತಂದರೆ ಮಾತ್ರ ತೆರಿಗೆ. ತರದಿದ್ದರೆ? ತರದಿದ್ದರಾಯಿತು. 2013ರಲ್ಲಿ ಹೊರದೇಶದಲ್ಲಿ ಹಣದ ರಾಶಿ ಇಟ್ಟುಕೊಂಡೇ ಆ್ಯಪಲ್ ತನ್ನ ಷೇರುದಾರರಿಗೆ ಕೊಡಲು ಬಾಂಡ್ ಮಾರಿ 1,700 ಕೋಟಿ ಡಾಲರ್ ಸಾಲ ಎತ್ತಿತ್ತು. ತೆರಿಗೆಗಿಂತ ಬಡ್ಡಿ ಅಗ್ಗ! 2017ರ ಕೊನೆಯಲ್ಲಿ ಟ್ರಂಪ್ ಆಡಳಿತ ದರವನ್ನು ಶೇ. 21ಕ್ಕೆ ಇಳಿಸಿ, ಹೊರಗಿನ ಹಳೆಯ ಲಾಭಕ್ಕೆ ಒಂದೇ ಸಲದ ರಿಯಾಯಿತಿ ತೆರಿಗೆ ಹಾಕಿತು. ನಗದಿಗೆ ಶೇ. 15.5, ಉಳಿದದ್ದಕ್ಕೆ ಶೇ. 8. ಅದರಡಿ ಸುಮಾರು 3,800 ಕೋಟಿ ಡಾಲರ್ ಕಟ್ಟುವುದಾಗಿ ಆ್ಯಪಲ್ 2018ರ ಜನವರಿಯಲ್ಲಿ ಹೇಳಿತು. ವರ್ಷಗಟ್ಟಲೆ ಕಾದವರಿಗೆ ಅರ್ಧಕ್ಕಿಂತ ಕಮ್ಮಿ ದರ ಸಿಕ್ಕಿತು. ಬ್ಯಾಂಕ್ ಸಾಲದ ಕಂತು ತಡಮಾಡಿದ ಆಟೊ ಚಾಲಕನಿಗೆ ಇಂಥ ಅದೃಷ್ಟ ಎಲ್ಲಿಂದ ಬರಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಬಾಕಿ ತೆರಿಗೆ ಡಬ್ಲಿನ್‌ಗೆ ಹೋಯಿತು, ಹಳೆಯ ಲಾಭದ ತೆರಿಗೆ ವಾಷಿಂಗ್ಟನ್‌ಗೆ ಹೋಯಿತು. ಫೋನ್ ಕೊಂಡ ಜನ ಇದ್ದ ದೇಶಗಳಿಗೆ? ತಮ್ಮಲ್ಲಿ ನಡೆದ ಮಾರಾಟದ ಲಾಭ ಅಲ್ಲೇ ದಾಖಲಾಗಬೇಕಿತ್ತು ಎಂದು ಬೇರೆ ದೇಶಗಳು ತಮ್ಮ ಕಾನೂನಿನಡಿ ತೋರಿಸಿದರೆ ಐರ್ಲೆಂಡಿನ ಪಾಲು ಅಷ್ಟಕ್ಕೆ ಇಳಿಯಬಹುದು ಎಂದು ಆಯೋಗ 2016ರಲ್ಲೇ ಬಾಗಿಲು ತೆರೆದಿಟ್ಟಿತ್ತು. ಆ ಬಾಗಿಲಿನ ಮೂಲಕ ಹೆಚ್ಚೇನೂ ಹೊರಬರಲಿಲ್ಲ.

ಈ ಕೊರತೆ ತುಂಬಲೆಂದೇ ಒಇಸಿಡಿ ಎಂಬ ಶ್ರೀಮಂತ ದೇಶಗಳ ಕೂಟದ ಆಶ್ರಯದಲ್ಲಿ ಮಾತುಕತೆ ನಡೆದು, 2021ರ ಅಕ್ಟೋಬರಿನಲ್ಲಿ 136 ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಭಾರತವೂ ಇತ್ತು. ಪಾಕಿಸ್ತಾನ, ಶ್ರೀಲಂಕಾ, ಕೆನ್ಯ, ನೈಜೀರಿಯ ಹೊರಗುಳಿದವು. ಒಪ್ಪಂದಕ್ಕೆ ಎರಡು ಕಂಬ. ಮೊದಲನೆಯದು, 2,000 ಕೋಟಿ ಯುರೋಗಿಂತ ಹೆಚ್ಚು ವಹಿವಾಟಿನ ದೈತ್ಯ ಕಂಪೆನಿಗಳ ಅತಿಲಾಭದ ಒಂದು ಪಾಲನ್ನು ಗಿರಾಕಿಗಳಿರುವ ದೇಶಗಳಿಗೆ ಹಂಚುವುದು. ಎರಡನೆಯದು, 75 ಕೋಟಿ ಯುರೋ ವಹಿವಾಟು ಮೀರಿದ ಕಂಪೆನಿ ಸಮೂಹ ಯಾವ ದೇಶದಲ್ಲೂ ಶೇ. 15ಕ್ಕಿಂತ ಕಮ್ಮಿ ತೆರಿಗೆ ಕಟ್ಟದಂತೆ ನೋಡಿಕೊಳ್ಳುವುದು.

ಭಾರತದಂಥ ದೇಶಕ್ಕೆ ಬೇಕಾದದ್ದು ಮೊದಲ ಕಂಬ. ಅದೇ ಬಿದ್ದುಹೋಯಿತು. 2023ರ ಅಕ್ಟೋಬರಿನಲ್ಲಿ ಅದರ ಕರಡು ಪ್ರಕಟವಾಯಿತು, ಆದರೆ ಅಮೆರಿಕ ಮುಂದೆ ಬಾರದೆ ಅದು ಜಾರಿಯಾಗುವಂತಿಲ್ಲ. ಈ ನಡುವೆ ಭಾರತ ತನ್ನ ಕೈಯಲ್ಲಿದ್ದುದನ್ನೂ ಬಿಟ್ಟುಕೊಟ್ಟಿತು. ವಿದೇಶಿ ಕಂಪೆನಿಗಳಿಗೆ ಸಲ್ಲುವ ಆನ್‌ಲೈನ್ ಜಾಹೀರಾತಿನ ಹಣದ ಮೇಲೆ 2016ರಿಂದ ಇದ್ದ ಶೇ. 6ರ ಸಮೀಕರಣ ತೆರಿಗೆಯನ್ನು 2025ರ ಎಪ್ರಿಲ್ 1ರಿಂದ ತೆಗೆದುಹಾಕಲಾಯಿತು. ಇ-ವಾಣಿಜ್ಯದ ಮೇಲಿನ ಶೇ. 2 ಅದಕ್ಕೂ ಮೊದಲೇ, 2024ರ ಆಗಸ್ಟಿನಲ್ಲಿ ಹೋಗಿತ್ತು. ವಾಷಿಂಗ್ಟನ್ ಜೊತೆಗಿನ ವ್ಯಾಪಾರ ಮಾತುಕತೆಯ ನೆರಳು ಇದರಲ್ಲಿ ಕಾಣದಿರುವುದು ಕಷ್ಟ.

ಈಗ ಐಫೋನ್ ಚೀನಾದಲ್ಲಿ ಮಾತ್ರ ತಯಾರಾಗುವುದೂ ಇಲ್ಲ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಜೋಡಣೆಯಾಗುತ್ತದೆ. ಗಡಿಯಾಚೆ ಹೊಸೂರಿನಲ್ಲಿ, ಕನ್ನಡ ಮಾತು ಇನ್ನೂ ಕೇಳಿಸುವ ಆ ಸೀಮೆಯಲ್ಲಿ, ಟಾಟಾ ಎಲೆಕ್ಟ್ರಾನಿಕ್ಸ್‌ನ ಕಾರ್ಖಾನೆಯಲ್ಲಿ ಅದರ ಭಾಗಗಳು ತಯಾರಾಗುತ್ತವೆ. ಸಾವಿರಾರು ಹೆಣ್ಣುಮಕ್ಕಳಿಗೆ ಸಂಬಳ ಸಿಗುತ್ತಿದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಗುತ್ತಿಗೆ ತಯಾರಕರಿಗೆ ಉಳಿಯುವುದು ತೆಳ್ಳಗಿನ ಲಾಭ, ಸರಕಾರಕ್ಕೆ ಕಂಪೆನಿ ತೆರಿಗೆ ಸಿಗುವುದು ಆ ತೆಳ್ಳಗಿನ ಲಾಭದ ಮೇಲೆ. ದಪ್ಪ ಪದರ ವಿನ್ಯಾಸದ ಹಕ್ಕಿನ ಹೆಸರಲ್ಲಿ ಹೊರಗೇ ಇರುತ್ತದೆ. ಮೊದಲ ಕಂಬ ನಿಂತಿದ್ದರೂ ಕಾರ್ಖಾನೆ ಇರುವ ಊರಿಗೆ ಹೆಚ್ಚೇನೂ ಬರುತ್ತಿರಲಿಲ್ಲ. ಅದು ಲೆಕ್ಕಕ್ಕೆ ತೆಗೆದುಕೊಂಡದ್ದು ಕೊಳ್ಳುವವನನ್ನು, ದುಡಿಯುವವನನ್ನಲ್ಲ.

ಎರಡನೆಯ ಕಂಬ ನಿಂತಿತು, ಆದರೆ ವಾಲಿಕೊಂಡು. ಅದರ ಕ್ರಮ ಹೀಗಿದೆ. ಒಂದು ದೇಶದಲ್ಲಿ ಕಂಪೆನಿಗೆ ಬಿದ್ದ ತೆರಿಗೆ ಶೇ. 15ಕ್ಕಿಂತ ಕಮ್ಮಿಯಾದರೆ ಉಳಿದದ್ದನ್ನು ಮೊದಲು ಆ ದೇಶವೇ ವಸೂಲು ಮಾಡಬಹುದು. ಅದು ಬಿಟ್ಟುಬಿಟ್ಟರೆ ಮಾತೃಸಂಸ್ಥೆಯ ದೇಶ, ಅದೂ ಬಿಟ್ಟರೆ ಕಂಪೆನಿ ಇರುವ ಇತರ ದೇಶಗಳು. ಕೊನೆಯ ಎರಡು ಅಸ್ತ್ರಗಳು ಅಮೆರಿಕದ ಕಂಪೆನಿಗಳ ಮೇಲೆ ಬೀಳುವುದನ್ನು ಟ್ರಂಪ್ ಒಪ್ಪಲಿಲ್ಲ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಈ ಒಪ್ಪಂದಕ್ಕೆ ಅಮೆರಿಕದಲ್ಲಿ ಬೆಲೆಯಿಲ್ಲ ಎಂದು ಆದೇಶ ಹೊರಡಿಸಿದರು. ಇತರ ದೇಶಗಳ ಹೂಡಿಕೆದಾರರ ಮೇಲೆ ಸೇಡಿನ ತೆರಿಗೆ ಹಾಕುವ ಮಸೂದೆಯೂ ಸಿದ್ಧವಾಯಿತು. ಜೂನ್ ಅಂತ್ಯಕ್ಕೆ ಜಿ-7 ದೇಶಗಳು ಬಗ್ಗಿದವು, ಸೇಡಿನ ತೆರಿಗೆಯನ್ನು ಅಮೆರಿಕ ಕೈಬಿಟ್ಟಿತು. 2026ರ ಜನವರಿಯಲ್ಲಿ ಒಇಸಿಡಿ ಕೂಟದ ಒಪ್ಪಿಗೆಯೂ ಸಿಕ್ಕಿತು. ಅಮೆರಿಕದಲ್ಲೇ ವಿದೇಶಿ ಲಾಭಕ್ಕೆ ಕನಿಷ್ಠ ತೆರಿಗೆ ಇದೆಯಲ್ಲ ಎಂಬ ಕಾರಣ ಕೊಟ್ಟು ಅಲ್ಲಿನ ಕಂಪೆನಿ ಸಮೂಹಗಳನ್ನು ಆ ಎರಡು ಅಸ್ತ್ರಗಳಿಂದ ಹೊರಗಿಡಲಾಗಿದೆ. ಇದ್ದದ್ದು ನಿಜ. ಆದರೆ ಅದರ ಲೆಕ್ಕ ದೇಶ ದೇಶ ಬೇರೆಯಾಗಿ ನಡೆಯುವುದಿಲ್ಲ, ಎಲ್ಲ ದೇಶಗಳ ಲಾಭವನ್ನೂ ಒಟ್ಟು ಸೇರಿಸಿ ನಡೆಯುತ್ತದೆ. ತೆರಿಗೆ ಹೆಚ್ಚಿರುವ ಜರ್ಮನಿಯ ಲೆಕ್ಕದ ಮರೆಯಲ್ಲಿ ತೆರಿಗೆ ಇಲ್ಲದ ದ್ವೀಪದ ಲೆಕ್ಕ ಅಡಗಿಕೊಳ್ಳಬಹುದು.

ಉಳಿದದ್ದು ಮೊದಲ ಅಸ್ತ್ರ ಮಾತ್ರ. ಲಾಭ ದಾಖಲಾದ ದೇಶ ತಾನೇ ಹಾಕುವ ಸ್ಥಳೀಯ ಪೂರಕ ತೆರಿಗೆ. ಇದು ಅಮೆರಿಕದ ಕಂಪೆನಿಗೂ ಬೀಳುತ್ತದೆ. ಇದರಿಂದ ಆದ ಪರಿಣಾಮ ವಿಚಿತ್ರ. ತೆರಿಗೆ ತಪ್ಪಿಸಲು ಲಾಭವನ್ನು ಎಲ್ಲಿಗೆ ಸಾಗಿಸುತ್ತಿದ್ದರೋ ಆ ಊರುಗಳೇ ಈಗ ತೆರಿಗೆ ಎಣಿಸುತ್ತಿವೆ. ಐರ್ಲೆಂಡ್ 2024ರಿಂದ ದೊಡ್ಡ ಸಮೂಹಗಳಿಗೆ ಶೇ. 15 ಹಾಕಿತು. ಕಂಪೆನಿ ತೆರಿಗೆ ಎಂಬ ಶಬ್ದವನ್ನೇ ಕೇಳದಿದ್ದ ಬರ್ಮುಡಾ 2025ರಿಂದ ಶೇ. 15ರ ಕಂಪೆನಿ ತೆರಿಗೆ ತಂದಿತು. ಗಲ್ಫಿನಲ್ಲಿ ಯುಎಇ, ಬಹರೈನ್, ಕತರ್, ಕುವೈತ್, ಒಮಾನ್ ಐದೂ 2025ರ ಜನವರಿ 1ರಿಂದ ಇದೇ ಹಾದಿ ಹಿಡಿದವು. ತಾವು ಬಿಟ್ಟರೆ ಬೇರೆಯವರು ಎತ್ತಿಕೊಳ್ಳುವ ದುಡ್ಡನ್ನು ಬಿಡುವವರು ಯಾರು? ಸೌದಿಯದು ಮೊದಲಿನಿಂದಲೂ ಬೇರೆ ದಾರಿ. ಅಲ್ಲಿ ಸೌದಿ ಪಾಲುದಾರರ ಭಾಗಕ್ಕೆ ಝಕಾತ್, ವಿದೇಶಿ ಪಾಲುದಾರರ ಭಾಗಕ್ಕೆ ಶೇ. 20 ಆದಾಯ ತೆರಿಗೆ. ಎರಡನ್ನೂ ವಸೂಲು ಮಾಡುವುದು ಒಂದೇ ಪ್ರಾಧಿಕಾರ.

ಯುಎಇಯ ಶೇ. 9ರ ತೆರಿಗೆ ಸಣ್ಣವರ ಬಾಗಿಲಿಗೂ ಬಂದದ್ದು ಇದೇ ಅಲೆಯ ಮೇಲೆ. 2023ರ ಜೂನ್ 1ರಂದು ಅಥವಾ ಅದರ ಬಳಿಕ ಶುರುವಾದ ಲೆಕ್ಕವರ್ಷಗಳಿಗೆ ಅದು ಅನ್ವಯ. ಸಂಬಳಕ್ಕೆ ಅಲ್ಲಿ ಈಗಲೂ ತೆರಿಗೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಗಲ್ಫಿನಲ್ಲಿ ಸಂಬಳಕ್ಕೂ ಟ್ಯಾಕ್ಸ್’ ಎಂಬ ಸಂದೇಶಗಳಿಗೆ ಇರುವ ಒಂದೇ ಆಧಾರ ಒಮಾನ್‌ನ ಹೊಸ ಕಾನೂನು. ಅದೂ 2028ರಿಂದ, ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ ಶೇ. 5. ಸಾಮಾನ್ಯ ನೌಕರನ ಹತ್ತಿರಕ್ಕೂ ಅದು ಬರುವುದಿಲ್ಲ.

ಅಂಗಡಿ, ಕೆಫೆಟೇರಿಯಾ, ಸಣ್ಣ ಟ್ರೇಡಿಂಗ್ ನಡೆಸುವವರು ಎಡವುತ್ತಿರುವುದು ಬೇರೆ ಕಡೆ. ‘ನಮ್ಮ ಲಾಭ ಅಷ್ಟು ಇಲ್ಲ, ನಮಗೆ ಯಾಕೆ’ ಎಂದು ನೋಂದಣಿಯನ್ನೇ ಮಾಡಿಸದಿರುವುದು. ತೆರಿಗೆ ಸೊನ್ನೆಯಾದರೂ ಕಂಪೆನಿಗೆ ನೋಂದಣಿ ಮತ್ತು ರಿಟರ್ನ್ ಕಡ್ಡಾಯ. ತಡವಾದರೆ 10,000 ದಿರ್ಹಂ ದಂಡ. ಮೊದಲ ತೆರಿಗೆ ಅವಧಿ ಮುಗಿದ ಏಳು ತಿಂಗಳೊಳಗೆ ರಿಟರ್ನ್ ಹಾಕಿದವರಿಗೆ ಆ ದಂಡ ಮನ್ನಾ ಮಾಡುವ ಅವಕಾಶವನ್ನು ಸರಕಾರ 2025ರಲ್ಲಿ ಕೊಟ್ಟಿತು. ವರ್ಷದ ವಹಿವಾಟು 30 ಲಕ್ಷ ದಿರ್ಹಂ ಮೀರದವರಿಗೆ ಸಣ್ಣ ಉದ್ಯಮದ ರಿಯಾಯಿತಿ ಇದೆ, ಆದರೆ ರಿಟರ್ನಿನಲ್ಲಿ ಅದನ್ನು ಕೇಳಿಯೇ ಪಡೆಯಬೇಕು. ಒಂದು ಸಲ 30 ಲಕ್ಷ ದಾಟಿದರೆ ಮುಂದಿನ ವರ್ಷ ಇಳಿದರೂ ಮತ್ತೆ ಸಿಗದು. ಮಿತಿಯೊಳಗೆ ಇರಲೆಂದು ಒಂದೇ ವ್ಯಾಪಾರವನ್ನು ತಮ್ಮನ ಹೆಸರಲ್ಲಿ ಒಂದು, ಭಾವನ ಹೆಸರಲ್ಲಿ ಒಂದು ಎಂದು ಒಡೆದರೆ ಕಾನೂನು ಅದನ್ನು ಕೃತಕ ವಿಭಜನೆ ಎಂದು ಹಿಡಿಯುತ್ತದೆ. ಯಾವ ದೇಶಕ್ಕೂ ಸೇರದ ಪ್ರಧಾನ ಕಚೇರಿಯನ್ನು ಇಪ್ಪತ್ತು ವರ್ಷ ಗುರುತಿಸದ ಜಗತ್ತು ಭಾವನ ಅಂಗಡಿಯನ್ನು ತಟ್ಟನೆ ಗುರುತಿಸುತ್ತದೆ.

ಊರಿನಿಂದಲೇ ದುಬೈ ಕಂಪೆನಿ ನಡೆಸುವ ದೊಡ್ಡ ಉದ್ಯಮಿಗಳು ಇನ್ನೊಂದನ್ನು ಗಮನಿಸಬೇಕು. ಆ್ಯಪಲ್ ನುಸುಳಿದ ಸಂದು ಭಾರತದಲ್ಲಿ ಮುಚ್ಚಿದೆ. ಇಲ್ಲಿ ನೋಂದಣಿಯಾದ ಕಂಪೆನಿಗೂ ತೆರಿಗೆ, ಹೊರಗೆ ನೋಂದಣಿಯಾಗಿ ನಿಜವಾದ ನಿರ್ಧಾರಗಳು ಇಲ್ಲಿಂದ ನಡೆಯುವ ಕಂಪೆನಿಗೂ ತೆರಿಗೆ. ವರ್ಷಕ್ಕೆ 50 ಕೋಟಿ ರೂ.ವರೆಗಿನ ವಹಿವಾಟಿನ ವಿದೇಶಿ ಕಂಪೆನಿಗಳನ್ನು ಕೇಂದ್ರ ನೇರ ತೆರಿಗೆ ಮಂಡಳಿ ಇದರಿಂದ ಹೊರಗಿಟ್ಟಿದೆ. ಅದಕ್ಕಿಂತ ಮೇಲಿನವರ ನಿರ್ದೇಶಕರ ಸಭೆ ಮಂಗಳೂರಿನಲ್ಲಿ ನಡೆದು ಸಹಿ ಮಾತ್ರ ದುಬೈಯಲ್ಲಿ ಬಿದ್ದರೆ, ಆ ಕಂಪೆನಿಯ ಜಾಗತಿಕ ಆದಾಯಕ್ಕೆ ಭಾರತ ಕೈಚಾಚಬಹುದು.

ಯುಎಇಯ ಸಣ್ಣ ಉದ್ಯಮದ ರಿಯಾಯಿತಿ ಸಿಗುವುದು 2026ರ ಡಿಸೆಂಬರ್ 31ರಂದು ಅಥವಾ ಅದಕ್ಕೆ ಮೊದಲು ಮುಗಿಯುವ ತೆರಿಗೆ ಅವಧಿಗಳಿಗೆ. ಅದರಾಚೆಗೆ ಸರಕಾರ ಅದನ್ನು ವಿಸ್ತರಿಸದಿದ್ದರೆ 3,75,000 ದಿರ್ಹಂ ಮೀರಿದ ಪ್ರತಿ ಲಾಭಕ್ಕೂ ಶೇ. 9 ಲೆಕ್ಕ ಶುರುವಾಗುತ್ತದೆ. ಬಿಲ್ಲು, ಬಾಡಿಗೆ ಚೀಟಿ, ಸಂಬಳದ ದಾಖಲೆ ಇಲ್ಲದ ಅಂಗಡಿಗೆ ಖರ್ಚು ತೋರಿಸಲು ಏನೂ ಇರುವುದಿಲ್ಲ.